ಹಳೇ ಕಾಗದದ ‘ಭಾವು’, ‘ಪುತಣ್ಯಾ’, ‘ಅಳಿಯ’: ಯಾರು ಯಾರಿಗೆ ಏನಾಗಬೇಕು?

ಕೋಥ್ರೂಡ್ ಕಟ್ಟೆ (ಪುಣೆ)

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಕಡೆಯ ಕುಲಕರ್ಣಿ ವತನದ (ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯ ಹುದ್ದೆ, ಅದರ ಜಮೀನು) ವಾರಸಾ ಚೌಕಶಿಯ ಜಬಾಬು, ಅಂದರೆ ವಾರಸುದಾರರು ಯಾರು ಅನ್ನುವ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆ, ಒಂದು ಇದೆ. ಮೂಲ ಮೋಡಿ ಲಿಪಿ (ಮರಾಠಿಯ ಹಳೇ ಕೂಡುಬರಹ), ಈಗ ಬಾಳಬೋಧಕ್ಕೆ (ದೇವನಾಗರಿಗೆ) ಇಳಿಸಿಯಾಗಿದೆ. ಕಾಲ ಶಕ 1803. ಮನೆಯ ಯಜಮಾನ ತನ್ನ ಮನೆಮಂದಿಯನ್ನು ಈ ಕ್ರಮದಲ್ಲಿ ಹೇಳಿದ್ದಾನೆ (ಮರಾಠಿಯಲ್ಲಿ ಬಿ॥ ಅಂದರೆ ಬಿನ್, ಇಂಥವರ ಮಗ; ಬಾಯಕೋ ಹೆಂಡತಿ, ಲೇಕ ಮಗ, ಭಾವು ಅಣ್ಣ ಅಥವಾ ತಮ್ಮ, ಪುತಣ್ಯಾ ಅಣ್ಣತಮ್ಮಂದಿರ ಮಗ, ಬಹೀಣ ಅಕ್ಕ ಅಥವಾ ತಂಗಿ, ಭಾಚಾ ಅಕ್ಕತಂಗಿಯರ ಮಗ):

ತಮ್ಮಣ್ಣ ಬಿ॥ ರಾಮಣ್ಣ, ವಯ 45
ಬಾಯಕೋ, 22
ಲೇಕ ರಾಮಣ್ಣ, 18
ಲೇಕ ಗೋವಿಂದ, 3
ಭಾವು ಶಾಮಣ್ಣ, 30
ಪುತಣ್ಯಾ ಭೀಮಣ್ಣ, 12
ಬಹೀಣ, ವಿಧವಾ, 50
ಭಾಚಾ ವೆಂಕಣ್ಣ, 20

ಎರಡು ಪ್ರಶ್ನೆ. 1881ರ ಜನಗಣತಿಯಲ್ಲಿ ಇದೇ ಮನೆಯ ಹಾಳೆ ಸಿಕ್ಕರೆ ತಾಳೆ ನೋಡಬಹುದು, ಅದು ಎಲ್ಲಿ ಸಿಗುತ್ತದೆ? ಎರಡನೆಯದು, ಭೀಮಣ್ಣ ಶಾಮಣ್ಣನ ಮಗ ಅಂತ ವಂಶವೃಕ್ಷದಲ್ಲಿ ಗೆರೆ ಎಳೆಯಬಹುದಾ?

ಉತಾರ ರಾಯ

22ರ ತಾಯಿಗೆ 18ರ ಮಗ. ಅದನ್ನ ಮೊದಲ ನೋಡ್ರಿ, ಭೀಮಣ್ಣ ಆಮೇಲೆ.

ಕಾಲಾ ಘೋಡಾ ಖಾಯಂ (ಮುಂಬಯಿ)

ಮೊದಲ ಪ್ರಶ್ನೆಗೆ ಉತ್ತರ: ಸಿಗುವುದಿಲ್ಲ, ಯಾಕೆಂದರೆ ಅದು ಇಲ್ಲ.

1881ರ ಗಣತಿ ಫೆಬ್ರವರಿ 17ರ ರಾತ್ರಿ ನಡೆದದ್ದು, ಇಡೀ ದೇಶಕ್ಕೆ ಒಂದೇ ರಾತ್ರಿ ಮಾಡಿದ ಮೊದಲ ಗಣತಿ. ಮನೆಮನೆಯ ಹಾಳೆಗಳಿಂದ ಲೆಕ್ಕ ತೆಗೆದು ಕೋಷ್ಟಕ ಮಾಡಿದ ಮೇಲೆ ಆ ಹಾಳೆಗಳನ್ನು ಇಟ್ಟುಕೊಳ್ಳುವ ಪದ್ಧತಿಯೇ ಇರಲಿಲ್ಲ. ಉಳಿದದ್ದು ಅಚ್ಚಾದ ವರದಿ, ಕೋಷ್ಟಕ: ತಾಲೂಕಿನಲ್ಲಿ ಎಷ್ಟು ಮನೆ, ಯಾವ ಜಾತಿ ಎಷ್ಟು, ಯಾವ ಭಾಷೆ ಎಷ್ಟು. ನಿಮ್ಮ ತಮ್ಮಣ್ಣ ಅದರಲ್ಲಿ ಒಂದು ಅಂಕಿ, ಹೆಸರಲ್ಲ. ಸ್ವಾತಂತ್ರ್ಯಾನಂತರದ ಗಣತಿಗಳಿಗೂ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಅಡ್ಡ ಇದೆ. ಆ ದಾಖಲೆ ಯಾರಿಗೂ ನೋಡಲು ಸಿಗುವುದಿಲ್ಲ, ಕೋರ್ಟಿನಲ್ಲಿ ಪುರಾವೆಯೂ ಆಗುವುದಿಲ್ಲ. ಹೆಸರು ಸಮೇತ ಉಳಿದ ದೊಡ್ಡ ಅಪವಾದ ಅಸ್ಸಾಮಿನದು, 1951ರ ಗಣತಿಯ ಆಧಾರದಲ್ಲಿ ಬರೆದ ನಾಗರಿಕರ ರಾಷ್ಟ್ರೀಯ ನೋಂದಣಿ, ಎನ್‌ಆರ್‌ಸಿ. ನಮಗೆ ಅದರಿಂದ ಉಪಯೋಗವಿಲ್ಲ.

ಇನ್ನೊಂದು, ನಿಮ್ಮ ಶಕ 1803 ಶುರುವಾಗುವುದೇ 1881ರ ಚೈತ್ರಕ್ಕೆ. ಗಣತಿಯ ರಾತ್ರಿ ಶಕ 1802 ಇತ್ತು. ಹಾಳೆ ಇದ್ದಿದ್ದರೂ ಅದೇ ಮನೆಮಂದಿ ಅಂತ ಹೇಳಲಾಗುತ್ತಿರಲಿಲ್ಲ. ಯಾರಾದರೂ ‘1881ರ ನಿಮ್ಮ ಮನೆತನದ ಗಣತಿ ಪ್ರತಿ ಕೊಡಿಸ್ತೀವಿ’ ಅಂದರೆ ದುಡ್ಡು ಕೊಡಬೇಡಿ.

ಠಾಣೆ ತಂಗಿ

ಆದ್ರೆ ಇಂಟರ್‌ನೆಟ್ಟಲ್ಲಿ 1881, 1911 ಅಂತ ಮನೆಮಂದಿ ಪಟ್ಟಿ ಸ್ಕ್ಯಾನ್ ಸಮೇತ ಎಷ್ಟೊಂದು ಇದಾವಲ್ಲ?

ಕಾಲಾ ಘೋಡಾ ಖಾಯಂ (ಮುಂಬಯಿ)

ಅವು ಇಂಗ್ಲೆಂಡಿನವು ತಂಗೀ. ಅಲ್ಲಿ ಎಣಿಕೆದಾರರ ಪುಸ್ತಕಗಳನ್ನು ಉಳಿಸಿಕೊಂಡರು. ಅದೂ ಎಲ್ಲ ಅಲ್ಲ, 1931ರದ್ದು 1942ರ ಬೆಂಕಿಯಲ್ಲಿ ಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಇಲ್ಲ. ಅಮೆರಿಕದ 1890ರದ್ದೂ ಹೆಚ್ಚುಕಡಿಮೆ ಪೂರ್ತಿ ಬೆಂಕಿಗೆ ಬಿತ್ತು. ಸಿಕ್ಕಾಪಟ್ಟೆ ವೀಡಿಯೊ ಪಾಠಗಳು ಆ ಎರಡು ದೇಶದ ಪಟ್ಟಿ ಓದುವ ಬಗ್ಗೆಯೇ ಇರುವುದರಿಂದ ನಮ್ಮವರು ಇಲ್ಲಿಯೂ ಹಾಗೇ ಇದೆ ಅಂದುಕೊಳ್ಳುತ್ತಾರೆ.

ಹಾಗಂತ ಆ ಪಾಠ ದಂಡ ಅಲ್ಲ. ಅಲ್ಲಿ 1841ರ ಪಟ್ಟಿಯಲ್ಲಿ ಸಂಬಂಧದ ಕಾಲಮ್ಮೇ ಇಲ್ಲ, 15 ದಾಟಿದವರ ವಯಸ್ಸನ್ನು ಐದರ ಕೆಳಮಟ್ಟಕ್ಕೆ ಇಳಿಸಿ ಬರೆಯಬೇಕು ಅಂತ ನಿಯಮ. 39 ಇದ್ದವ ಕಾಗದದಲ್ಲಿ 35. ಸಂಬಂಧ ಬರೆಯಲು ಶುರುವಾದದ್ದು 1851ರಿಂದ. ಅದೂ ಯಜಮಾನನಿಗೆ ಏನಾಗಬೇಕು ಅನ್ನುವುದು ಮಾತ್ರ, ಉಳಿದವರು ತಮ್ಮತಮ್ಮಲ್ಲಿ ಏನಾಗಬೇಕು ಅಂತ ಅಲ್ಲ. ‘ಇನ್-ಲಾ’ ಅಂತ ಬರೆದದ್ದು ಎಷ್ಟೋ ಕಡೆ ಮಲತಾಯಿ, ಮಲಮಗ. ಕಟ್ಟೆಯವರ ಕಾಗದಕ್ಕೂ ಇದೇ ಕಣ್ಣು ಬೇಕು.

ಮೋಡಿ ಮಾಸ್ತರ (ಸದಾಶಿವ ಪೇಟೆ)

ಸರಿಯಾಗಿ ಹೇಳಿದಿರಿ. ಈಗ ಕಾಗದಕ್ಕೆ ಬರೋಣ. ಪಟ್ಟಿಯ ಪ್ರತಿ ಸಾಲೂ ತಮ್ಮಣ್ಣನಿಗೆ ಕಟ್ಟಿದ ದಾರ. ಸಾಲಿಗೂ ಸಾಲಿಗೂ ನಡುವೆ ದಾರ ಇಲ್ಲ, ಅದನ್ನು ನಾವು ಕಟ್ಟುತ್ತೇವೆ, ತಪ್ಪಾಗುವುದು ಅಲ್ಲೇ.

‘ಬಾಯಕೋ 22’ ತಮ್ಮಣ್ಣನ ಹೆಂಡತಿ. ‘ಲೇಕ 18’ ತಮ್ಮಣ್ಣನ ಮಗ. ಅವಳು ಇವನ ತಾಯಿ ಅಂತ ಕಾಗದ ಎಲ್ಲೂ ಹೇಳಿಲ್ಲ. ಮೊದಲ ಹೆಂಡತಿ ತೀರಿಕೊಂಡಿರಬೇಕು, ಇವಳು ಎರಡನೆಯವಳು ಇರಬೇಕು. 3 ವರ್ಷದ ಗೋವಿಂದ ಇವಳ ಮಗ ಇರಬಹುದು. 18ಕ್ಕೂ 3ಕ್ಕೂ ನಡುವೆ 15 ವರ್ಷದ ಖಾಲಿ ಜಾಗವೂ ಅದನ್ನೇ ಹೇಳುತ್ತದೆ. ಆ ಖಾಲಿ ಜಾಗದಲ್ಲಿ ಸತ್ತ ಮಕ್ಕಳು ಇರಬಹುದು, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಇರಬಹುದು. ವತನದ ಚೌಕಶಿಯಲ್ಲಿ ಗಂಡಮನೆ ಸೇರಿದ ಮಗಳ ಹೆಸರು ಯಾಕೆ ಬರೆಯುತ್ತಾರೆ?

ಮಗನ ಹೆಸರು ರಾಮಣ್ಣ, ತಮ್ಮಣ್ಣನ ತಂದೆಯೂ ರಾಮಣ್ಣ. ಹಿರಿಯ ಮಗನಿಗೆ ಅಜ್ಜನ ಹೆಸರು ಇಡುವ ಪದ್ಧತಿ. ಅಜ್ಜ ಬದುಕಿದ್ದಾಗ ಆ ಹೆಸರು ಇಡುವುದು ಕಡಿಮೆ, ಹಾಗಾಗಿ 1863ರ ಸುಮಾರಿಗೆ ಮುದುಕ ರಾಮಣ್ಣ ತೀರಿಕೊಂಡಿದ್ದ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಪೆನ್ನಿನಲ್ಲಿ ಬೇಡ.

ಭೀಮಣ್ಣನ ವಿಷಯ. ‘ಪುತಣ್ಯಾ’ ಅಂದರೆ ಅಣ್ಣತಮ್ಮಂದಿರ ಮಗ, ಯಾವ ಅಣ್ಣತಮ್ಮ ಅನ್ನುವುದು ಬಿಟ್ಟು ಹೋಗಿದೆ. ಶಾಮಣ್ಣನ ಕೆಳಗೇ ಬರೆದಿದ್ದರಿಂದ ಅವನ ಮಗ ಇರಬಹುದು. ಗುಮಾಸ್ತರು ಸಾಮಾನ್ಯವಾಗಿ ಒಬ್ಬನನ್ನು ಬರೆದು ಅವನ ಹೆಂಡತಿ, ಮಕ್ಕಳನ್ನು ಬರೆದು ಮುಂದಿನವನಿಗೆ ಹೋಗುತ್ತಿದ್ದರು. ಆದರೆ ಶಾಮಣ್ಣನಿಗೆ ಹೆಂಡತಿಯ ಸಾಲು ಇಲ್ಲ. 45ಕ್ಕೂ 30ಕ್ಕೂ ನಡುವೆ ಇನ್ನೊಬ್ಬ ತಮ್ಮ ಇದ್ದು, ತೀರಿಕೊಂಡು, ಅವನ ಮಗ ಭೀಮಣ್ಣ ಆಗಿರುವುದು ಅಷ್ಟೇ ಸಾಧ್ಯ.

ಉತಾರ ರಾಯ

ಮಾಸ್ತರ, ಕ್ರಮದ ಮ್ಯಾಲೆ ಅಷ್ಟು ಭರವಸಾ ಬ್ಯಾಡ್ರಿ. ವತನದ ಕಾಗದದಾಗ ಕ್ರಮ ಅಂದ್ರ ಹಕ್ಕಿನ ಕ್ರಮ. ಮೊದಲ ಮಕ್ಕಳು, ಆಮೇಲೆ ಭಾವು, ಆಮೇಲೆ ಸತ್ತ ಭಾವೂನ ಮಗ, ಕಟ್ಟಕಡೀಗೆ ಹಕ್ಕಿಲ್ಲದ ಬಹೀಣ, ಭಾಚಾ. ವಯಸ್ಸಿನ ಪ್ರಕಾರನೂ ಅಲ್ಲ, ಮನಿಯೊಳಗಿನ ಮನಿ ಪ್ರಕಾರನೂ ಅಲ್ಲ. ಈ ಪಟ್ಟಿ ನೋಡ್ರಿ, 50 ವಯಸ್ಸಿನ ಅಕ್ಕ 12ರ ಹುಡುಗನ ಕೆಳಗ ಬಂದಾಳ.

ಮೋಡಿ ಮಾಸ್ತರ (ಸದಾಶಿವ ಪೇಟೆ)

ರಾಯರೇ, ಹಕ್ಕಿನ ಕ್ರಮ ಅಂತ ತೆಗೆದುಕೊಂಡರೂ ಶಾಮಣ್ಣನ ಮಗ ಶಾಮಣ್ಣನ ಕೆಳಗೇ ಬರಬೇಕು. ನಿಮ್ಮ ವಾದದಿಂದ ನನ್ನದು ಬೀಳುವುದಿಲ್ಲ.

ಉತಾರ ರಾಯ

ಬೀಳೂದಿಲ್ಲ, ಖರೆ. ನಿಲ್ಲೂದೂ ಇಲ್ಲ. ಎರಡೂ ಕೂಡತಾವ ಅಂದ್ರ ಕಾಗದ ಉತ್ತರಾ ಕೊಟ್ಟಿಲ್ಲ ಅಂತ ಅರ್ಥ.

ಮಾಟುಂಗಾ ಮಾಮಿ

ಇಬ್ಬರೂ ಭೀಮಣ್ಣನನ್ನು ಹಿಡಿದು ಎಳೆದಾಡುತ್ತಿದ್ದೀರಿ, ಮನೆಯ ಹೆಂಗಸರನ್ನು ಯಾರೂ ನೋಡಲೇ ಇಲ್ಲ. ಕನ್ನಡದ ಮನೆ ಇದು. ಅಕ್ಕನ ಮಗಳನ್ನು ತಮ್ಮ ಮದುವೆಯಾಗುವ ರೂಢಿ ಇರುವ ಮನೆ. ಬಹೀಣ 50, ವಿಧವೆ, ಮಗನ ಸಮೇತ ತವರಿನಲ್ಲಿದ್ದಾಳೆ. ತಮ್ಮಣ್ಣನ ಎರಡನೇ ಹೆಂಡತಿಗೆ 22. ಮೊದಲ ಹೆಂಡತಿ ಹೋದ ಮೇಲೆ ಅಕ್ಕನ ಮಗಳನ್ನೇ ತಂದುಕೊಂಡಿದ್ದರೆ? ಆಗ ಆ ‘ಬಹೀಣ’ ತಮ್ಮಣ್ಣನಿಗೆ ಅತ್ತೆಯೂ ಹೌದು. ಭಾಚಾ ವೆಂಕಣ್ಣ ಹೆಂಡತಿಯ ತಮ್ಮನೂ ಹೌದು.

ಒಬ್ಬರಿಗೆ ಎರಡು ಸಂಬಂಧ ಇದ್ದರೆ ಗುಮಾಸ್ತ ಬರೆಯುವುದು ಒಂದನ್ನೇ. ಅದೂ ಹುಟ್ಟಿನಿಂದ ಬಂದದ್ದನ್ನು. ಮರಾಠಿ ಗುಮಾಸ್ತನ ಮನೆಗಳಲ್ಲಿ ಸೋದರಮಾವ-ಸೋದರಸೊಸೆ ಮದುವೆ ಇಲ್ಲ, ಮಾವನ ಮಗಳನ್ನು ತರುವುದಷ್ಟೇ ಗೊತ್ತು. ಅವನು ಕೇಳುವುದೂ ಇಲ್ಲ.

ಠಾಣೆ ತಂಗಿ

ಮಾಮೀ!! ಇದು ಹೊಳೆದೇ ಇರಲಿಲ್ಲ.

ಮೋಡಿ ಮಾಸ್ತರ (ಸದಾಶಿವ ಪೇಟೆ)

ಸಾಧ್ಯತೆ ಒಳ್ಳೆಯದು, ಪುರಾವೆ?

ಮಾಟುಂಗಾ ಮಾಮಿ

ಪುರಾವೆ ವತನದ ಕಾಗದದಲ್ಲಿ ಸಿಗುವುದಿಲ್ಲ ಮಾಸ್ತರೇ. ಹೆಂಡತಿಯ ತವರು ಆ ಕಚೇರಿಗೆ ಬೇಡದ ಮಾತು. ಹುಡುಕಬೇಕಾದ್ದು ಶ್ರಾದ್ಧದ ಕಡೆ. ಗೋವಿಂದ ದೊಡ್ಡವನಾಗಿ ಗಯೆಗೋ ತ್ರ್ಯಂಬಕಕ್ಕೋ ಹೋಗಿದ್ದರೆ ತಂದೆಯ ಕಡೆ ಮೂರು ತಲೆ, ತಾಯಿಯ ಕಡೆ ಮಾತಾಮಹರು ಮೂರು ತಲೆ ಹೇಳಲೇಬೇಕು. ನಾಸಿಕ್, ತ್ರ್ಯಂಬಕದ ತೀರ್ಥೋಪಾಧ್ಯಾಯರ ವಹಿಯಲ್ಲಿ (ಯಾತ್ರಿಕರ ಹೆಸರಿನ ಪುಸ್ತಕದಲ್ಲಿ) ಬಂದವರು, ಅವರ ಊರು, ಅಣ್ಣತಮ್ಮಂದಿರು, ಮಕ್ಕಳು ಇರುತ್ತಾರೆ, ಕೆಲವು ವಹಿಗಳಲ್ಲಿ ತಾಯಿಯ ತವರೂ ಇರುತ್ತದೆ. ಮಾತಾಮಹನ ಗೋತ್ರ, ಹೆಸರು ತಮ್ಮಣ್ಣನ ಅಕ್ಕನ ಗಂಡನದೇ ಆದರೆ ಮುಗಿಯಿತು.

ಹೋಗುವಾಗ ಬರೀ ಮನೆತನದ ಹೆಸರು ಹೇಳಿದರೆ ಆಗದು. ಮೂಲ ಊರು, ತಾಲೂಕು, ಉಪನಾಮ, ಗೋತ್ರ, ಗೊತ್ತಿರುವ ಅತಿ ಹಳೆಯ ಹೆಸರು ಇಷ್ಟು ಬರೆದುಕೊಂಡು ಹೋಗಿ. ವಹಿ ಹಂಚಿಕೆಯಾಗಿರುವುದು ಪ್ರದೇಶ, ಊರು, ಜಾತಿಯ ಮೇಲೆ. ಊರು ತಪ್ಪಿದರೆ ಬೇರೆ ಉಪಾಧ್ಯಾಯರ ಮನೆಗೆ ಹೋಗಿ ನಿಲ್ಲುತ್ತೀರಿ.

ಚಿಂಚವಾಡ ಚಿಗಳಿ

ಅದೇ ಹೆಂಗಸಿಗೆ ಎರಡು ಹೆಸರು ಇರ್ತದ ಅನ್ನೋದೂ ಸೇರಿಸ್ರಿ ಮಾಮಿ. ಮದುವೆಯೊಳಗ ಹೆಸರು ಬದಲಿ ಮಾಡೂ ಮನೆತನ ಆದ್ರ ತವರಿನ ಕಾಗದದಾಗ ‘ಅಂಬಾ’, ಗಂಡನ ಮನಿ ಕಾಗದದಾಗ ‘ಲಕ್ಷ್ಮೀ’. ಇಬ್ಬರು ಹೆಂಡರು ಅಂತ ಬರದು ಕೂಡತಾರ ಮಂದಿ.

ಅಂಧೇರಿ ಅಳಿಯಕಟ್ಟು

ನಮ್ಮ ಕಡೆಯ ದಾಖಲೆ ಓದುವವರಿಗೆ ಒಂದು ಮಾತು ಮಾರಾಯ್ರೆ. ಮುಂಬಯಿಯಲ್ಲಿ ಬಂಟ, ಬಿಲ್ಲವ, ಮೊಗವೀರ ಮನೆಗಳ ಮಕ್ಕಳು ಊರಿನ ಹಳೇ ಕಾಗದ ತರಿಸಿ ಮೇಲೆ ಹೇಳಿದ ಲೆಕ್ಕದಲ್ಲೇ ಓದ್ತಾರೆ. ಪೂರ್ತಿ ತಲೆಕೆಳಗಾಗ್ತದೆ.

ದಕ್ಷಿಣ ಕನ್ನಡದ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಕುಟುಂಬದಲ್ಲಿ ಯಜಮಾನನ ನಂತರ ‘ಅಳಿಯ’ ಅಂತ ಬಂದರೆ ಅದು ಸಹೋದರಿಯ ಮಗ, ಮಗಳ ಗಂಡ ಅಲ್ಲ. ಯಜಮಾನನ ಸ್ವಂತ ಮಕ್ಕಳು ಆ ಪಟ್ಟಿಯಲ್ಲಿ ಇರುವುದೇ ಇಲ್ಲ, ಅವರು ಅವರ ತಾಯಿಯ ಕುಟುಂಬದ ಪಟ್ಟಿಯಲ್ಲಿ. ಗಂಡನ ಹೆಸರೂ ಇಲ್ಲ. ‘ಪಟ್ಟಿಯಲ್ಲಿ ತಂದೆ ಇಲ್ಲ, ಹಾಗಾದರೆ ಸತ್ತಿರಬೇಕು’ ಅಂತ ಬರೆದರೆ ಬದುಕಿದ್ದವನನ್ನು ನಾವೇ ಕೊಂದ ಹಾಗೆ.

ಮರ ಬರೆಯುವಾಗ ಮೇಲಿಂದ ಒಬ್ಬಳು ಮೂಲ ಹೆಂಗಸು, ಅವಳ ಹೆಣ್ಣುಮಕ್ಕಳು, ಅವರಿಂದ ಕೆಳಗೆ. ಒಬ್ಬೊಬ್ಬ ಹೆಂಗಸಿನ ಸಂತತಿ ಒಂದೊಂದು ಕವರು. ಗಂಡಸಿನಿಂದ ಕೆಳಗೆ ಗೆರೆ ಎಳೆಯಬಾರದು. ಇದಕ್ಕೆ ಒಳ್ಳೆಯ ಆಧಾರ ಬೇಕಾದರೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರದ ಪಾಲುಪಟ್ಟಿಗಳು. ಆ ಕಾಯ್ದೆಯಿಂದ ಕವರಿಗೆ ಪಾಲು ಕೇಳುವ ಹಕ್ಕು ಬಂತು, ಪಾಲು ಹಾಕಬೇಕಾದರೆ ಪ್ರತಿ ಕವರಿನ ಪ್ರತಿ ಸದಸ್ಯನನ್ನೂ, ತೊಟ್ಟಿಲ ಮಗು ಸಮೇತ, ಬರೆಯಲೇಬೇಕು. ಪಾಲಿನ ದಾವೆ ಹೂಡಿದ್ದರೆ ಇನ್ನೂ ಒಳ್ಳೆಯದು, ದಾವಾಪತ್ರದ ಜೊತೆ ವಂಶಾವಳಿ ಇರ್ತದೆ. ಜಗಳ ಆದ ಕುಟುಂಬದ ಚರಿತ್ರೆ ಸುಲಭ.

ವಾಸ್ಕೋ ವಾಸಿ (ಗೋವಾ)

ಹಹಹಾ, ಕೊನೆಯ ಮಾತು ಗೋವಾಕ್ಕೂ ಲಾಗೂ. ಇಲ್ಲಿ ‘ಇನ್ವೆಂಟರಿ’ ಅಂತ ಕೋರ್ಟಿನ ಪ್ರಕ್ರಿಯೆ ಇದೆ, ಸತ್ತವರ ಆಸ್ತಿ ವಾರಸುದಾರರಿಗೆ ಹಂಚುವುದು. ಅದರ ಕಡತದಲ್ಲಿ ಯಾರು ವಾರಸು, ಯಾರ ಹೆಂಡತಿ ಯಾರು, ಯಾರು ಅಪ್ರಾಪ್ತರು ಎಲ್ಲ ಇರುತ್ತದೆ. ‘ಕಬೇಸಾ ದಿ ಕಜಾಲ್’ ಅಂತ ಒಬ್ಬರ ಹೆಸರು ಬರುತ್ತದೆ. ಮನೆಯ ಹಿರಿಯ ಅಂತ ಓದಬೇಡಿ. ಆಸ್ತಿ ಹಂಚುವವರೆಗೆ ನೋಡಿಕೊಳ್ಳುವವರು, ಹೆಚ್ಚಾಗಿ ಉಳಿದ ಗಂಡ ಅಥವಾ ಹೆಂಡತಿ.

ನಾಗರಿಕ ನೋಂದಣಿ 1914ರಿಂದ ಇದೆ, ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅರ್ಜಿ ಹಾಕುವಾಗ ಸಾದಾ ಜನನ ಪ್ರಮಾಣಪತ್ರ ಕೇಳಬೇಡಿ, ‘ತೆಯೋರ್’ ಕೇಳಿ. ಅದು ಪೋರ್ಚುಗೀಸ್ ನೋಂದಣಿಯ ಪೂರ್ತಿ ನಕಲು. ತಂದೆತಾಯಿ ಅಲ್ಲದೆ ಎರಡೂ ಕಡೆಯ ಅಜ್ಜ-ಅಜ್ಜಿಯರ ಹೆಸರು ಬರುತ್ತದೆ, ಅಂದರೆ ಒಂದೇ ಹಾಳೆಯಲ್ಲಿ ಮೂರು ತಲೆಮಾರು. ಸಾದಾ ಪ್ರಮಾಣಪತ್ರದಲ್ಲಿ ಅಷ್ಟೂ ಕತ್ತರಿಸಿ ಹೋಗಿರುತ್ತದೆ.

ಕೋಥ್ರೂಡ್ ಕಟ್ಟೆ (ಪುಣೆ)

ಗೋವಾದಲ್ಲಿ ಮನೆಮಂದಿ ಪಟ್ಟಿ ಇಲ್ಲವಾ? ಗಣತಿ ತರಹದ್ದು?

ವಾಸ್ಕೋ ವಾಸಿ (ಗೋವಾ)

ಇಗರ್ಜಿಯದ್ದು ಇದೆ. ‘ರೋಲ್’ ಅಂತಾರೆ, ಪೂರ್ತಿ ಹೆಸರು ರೋಲ್ ದೊಸ್ ಕೊಂಫೆಸಾದೊಸ್. ಈಸ್ಟರ್ ಮುಂಚಿನ ಉಪವಾಸ ಕಾಲದಲ್ಲಿ ಯಾರು ಯಾರು ಪಾಪನಿವೇದನೆಗೆ ಬರಬೇಕು ಅಂತ ಪಾದ್ರಿ ಮನೆಮನೆಗೂ ಬರೆದ ಪಟ್ಟಿ. ಮನೆಗೆ ‘ಫೋಗು’ ಅಂತಾರೆ, ಒಲೆ. ಒಂದು ಒಲೆ ಒಂದು ನಂಬರ್.

ಓದುವಾಗ ಎಡವುವ ಜಾಗ ಮೂರು. ಏಳು ವರ್ಷದ ಒಳಗಿನ ಮಕ್ಕಳು ಸಾಧಾರಣವಾಗಿ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಮಗು ಪಟ್ಟಿಗೆ ಬಂದ ವರ್ಷವನ್ನು ಹುಟ್ಟಿದ ವರ್ಷ ಅಂತ ಹಾಕಬೇಡಿ. ಎರಡು, ಮನೆಯ ಆಳುಗಳೂ ಅದೇ ಒಲೆಯ ಕೆಳಗೆ ಬರುತ್ತಾರೆ. ಮೂರು, ಮತಾಂತರದ ಕಾಲದಲ್ಲಿ ದೀಕ್ಷೆಯ ತಂದೆಯ, ಅಂದರೆ ಪದ್ರಿನ್ಯುವಿನ, ಕುಲನಾಮ ತೆಗೆದುಕೊಂಡವರು ಬಹಳ. ಒಂದೇ ಊರಿನಲ್ಲಿ ಒಂದೇ ಕುಲನಾಮ ಅಂದ ಮಾತ್ರಕ್ಕೆ ದಾಯಾದಿಗಳಲ್ಲ.

ಹಿಂದೂ ಹೆಸರು ಹುಡುಕುವವರು ಪೋರ್ಚುಗೀಸ್ ಕಾಗುಣಿತದಲ್ಲಿ ಹುಡುಕಬೇಕು. ಪ್ರಭು ಅಂದರೆ ಪೊರೊಬೊ, ಕಾಮತ ಅಂದರೆ ಕಾಮೊತಿಂ, ಶೆಣೈ ಅಂದರೆ ಸಿನಾಯ್, ಭಟ್ಟ ಅಂದರೆ ಬೊಟ್ಟೊ. ಕಾರವಾರ, ಕುಮಟೆ, ಉಡುಪಿ ಕಡೆಯಿಂದ ಗೋವಾದ ಮೂಲ ಹುಡುಕಿಕೊಂಡು ಬರುವವರು ಪಣಜಿಯ ಪತ್ರಾಗಾರದಲ್ಲಿ ‘ಪ್ರಭು’ ಅಂತಲೇ ಸೂಚಿ ನೋಡಿ, ಇಲ್ಲ ಅಂತ ವಾಪಸ್ ಹೋಗುತ್ತಾರೆ.

ಧೋಬಿ ತಲಾವ್

ಹಡಗಿನ ಕೆಲಸಕ್ಕೆ ಹೋದ ಗೋವಾದವರಾದರೆ ಇಲ್ಲಿ ಮುಂಬಯಿಯ ಕೂಡ್‌ಗಳಲ್ಲಿ ಕೇಳಿ. ಕೂಡ್ ಅಂದರೆ ಊರಿನವರು ಇಳಿದುಕೊಳ್ಳುವ ಕ್ಲಬ್ಬು. ಊರಿಗೊಂದು ಕೂಡ್, ಸದಸ್ಯರ ಪುಸ್ತಕ ಇಟ್ಟಿರುವ ಕಡೆ ಹೆಸರು ಸಿಗುತ್ತದೆ. ಸಂಬಂಧ ಸಿಗುವುದಿಲ್ಲ. ಒಂದೇ ಕೂಡ್ ಅಂದರೆ ಒಂದೇ ಊರಿನವರು ಅಷ್ಟೇ.

ಘೋಡಬಂದರ್ ಗಿರಾಕಿ

ಇಷ್ಟೆಲ್ಲ ಯಾಕ್ರೀ, ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಆಯ್ತಲ್ಲ?

ಉತಾರ ರಾಯ

ಅಕ್ಕನ ಮಗಳು, ಸೋದರತ್ತಿ ಮಗಳು ಅಂತ ಮೂರು ನಾಕು ತಲೆಮಾರು ಒಳಗೊಳಗ ಕೊಟ್ಟು ತಂದ ಮನಿಯೊಳಗ ಡಿಎನ್‌ಎ ಎಲ್ಲಾರನ್ನೂ ಇದ್ದದ್ದಕ್ಕಿಂತ ಹತ್ತರದ ಸಂಬಂಧಿ ಅಂತ ತೋರಸ್ತದ. ಮತ್ತ ಭೀಮಣ್ಣನ ಉಗುಳು ಎಲ್ಲಿಂದ ತರ್ತೀರಿ?

ಘೋಡಬಂದರ್ ಗಿರಾಕಿ

😂 ಸರಿ ಸರಿ.

ಉತಾರ ರಾಯ

ಕಟ್ಟೆಯವರ, ಭೀಮಣ್ಣನ ಗಂಟು ಬಿಚ್ಚಲಿಕ್ಕೆ ಮುಂದಿನ ಕಾಗದ ಹಿಡೀರಿ, ಹಿಂದಿಂದಲ್ಲ. ಮುಂಬಯಿ ಇಲಾಖೆಯೊಳಗ ಹಕ್ಕುದಾಖಲೆ ಕಾಯ್ದೆ ಬಂದದ್ದು 1903ಕ್ಕ. ಅಲ್ಲಿಂದ ಮುಂದ ಫೇರ್‌ಫಾರ್, ನಮ್ಮ ಕಡೆ ಡೈರಿ ಅಂತಾರ, ಜಮೀನು ಒಬ್ಬನಿಂದ ಒಬ್ಬನಿಗೆ ಯಾಕ ಹೋತು ಅಂತ ಬರೀತಾವ. ಶಾಮಣ್ಣ ಸತ್ತಾಗ ಅವನ ಹಿಸ್ಸಾ ಯಾರ ಹೆಸರಿಗೆ ಹೋತು? ಭೀಮಣ್ಣಗ ಒಬ್ಬಗ ಹೋದ್ರ ಮಗ. ತಮ್ಮಣ್ಣನ ಮಕ್ಕಳಿಗೂ ಭೀಮಣ್ಣಗೂ ಹಂಚಿ ಹೋದ್ರ ಶಾಮಣ್ಣ ನಿಪುತ್ರಿಕ, ಭೀಮಣ್ಣ ಮೂರನೇ ಭಾವೂನ ಮಗ. ಆದ್ರ ಒಂದು ಲಕ್ಷ್ಯ ಇಡ್ರಿ: ಎಲ್ಲಾರೂ ಏಕತ್ರ ಇದ್ರ ಡೈರಿಯೊಳಗ ಹಿರ್ಯಾನ ಹೆಸರು ಒಂದ ಇರ್ತದ, ಮುಂದ ‘ಎ.ಕು.ಮ್ಯಾ.’, ಏಕತ್ರ ಕುಟುಂಬದ ಮ್ಯಾನೇಜರ. ಉಳಿದವರು ಇಲ್ಲ ಅಂತಲ್ಲ, ಅವನ ಹಿಂದ ನಿಂತಾರ. ವಾಟಣಿ (ಪಾಲು) ಆದ ದಿನ ಒಮ್ಮಿಗೇ ಐದಾರು ಹೆಸರು ಉದುರ್ತಾವ.

ಇನ್ನೊಂದು ಗುರ್ತು ‘ಅ.ಪಾ.ಕ.’, ಅಜ್ಞಾನ ಪಾಲನಕರ್ತ. ಮೊದಲ ಬರೂ ಹೆಸರು ಸಣ್ಣ ಹುಡುಗಂದು, ಆಮೇಲೆ ಬರೂದು ಪಾಲಕಂದು. ‘ಭೀಮಣ್ಣ ಅ.ಪಾ.ಕ. ಗಂಗಾಬಾಯಿ’ ಅಂದ್ರ ಗಂಗಾಬಾಯಿ ತಾಯೀನೇ ಆಗಬೇಕಂತಿಲ್ಲ. ಅಜ್ಜಿ, ಕಾಕಿ, ಯಾರೂ ಇರಬಹುದು.

ಠಾಣೆ ತಂಗಿ

ವಿಧವೆಯರ ಹೆಸರು ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಇಲ್ಲದಿದ್ದರೆ ಗಂಡನಿಗಿಂತ ಮುಂಚೆ ಹೋಗಿದ್ದಾರೆ ಅಂತಲಾ?

ಕಾಲಾ ಘೋಡಾ ಖಾಯಂ (ಮುಂಬಯಿ)

ಅಲ್ಲ. ವರ್ಷ ನೋಡು. 1937ರ ಹಿಂದೂ ಮಹಿಳೆಯರ ಆಸ್ತಿ ಹಕ್ಕು ಕಾಯ್ದೆಗೆ ಮುಂಚೆ ಗಂಡುಮಕ್ಕಳಿದ್ದ ಮನೆಯಲ್ಲಿ ವಿಧವೆ ವಾರಸುದಾರಳೇ ಅಲ್ಲ, ಹಾಗಾಗಿ ವಾರಸಾ ನೋಂದಿಯಲ್ಲಿ ಹೆಸರು ಬರುವುದಿಲ್ಲ. ಬದುಕಿರುತ್ತಾಳೆ, ಕಾಗದದಲ್ಲಿ ಇರುವುದಿಲ್ಲ. 1937ರ ನಂತರ ಹೆಸರು ಬರತೊಡಗುತ್ತದೆ. ಹೆಣ್ಣುಮಕ್ಕಳ ಹೆಸರು ಸರಿಯಾಗಿ ಬರುವುದು 1956ರ ಉತ್ತರಾಧಿಕಾರ ಕಾಯ್ದೆಯಿಂದ. ಒಂದೇ ಮನೆಯ 1930ರ ನೋಂದಿ, 1960ರ ನೋಂದಿ ಪಕ್ಕಪಕ್ಕ ಇಟ್ಟರೆ ಎಲ್ಲಿಂದಲೋ ನಾಲ್ಕು ಅಕ್ಕತಂಗಿಯರು ಉದ್ಭವಿಸಿದ ಹಾಗೆ ಕಾಣುತ್ತದೆ. ಬದಲಾದದ್ದು ಮನೆ ಅಲ್ಲ, ಕಾನೂನು.

ಕುಲಕರ್ಣಿ ವತನ 1950ರ ಕಾಯ್ದೆಯಿಂದ ರದ್ದಾಯಿತಲ್ಲ, ಆಗ ಜಮೀನು ಮರುಮಂಜೂರಿಗೆ ಅರ್ಜಿ ಹಾಕಿದವರ ಕಡತಗಳಲ್ಲಿ ವಂಶಾವಳಿ ಇರುತ್ತದೆ. ಕಟ್ಟೆಯವರಿಗೆ ಅದು ಕೆಲಸಕ್ಕೆ ಬಂದೀತು. ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದರೂ ಕಂದಾಯದ ಕಡತ ಹುಡುಕಬೇಕಾದ್ದು ಬೆಳಗಾವಿಯ ತಹಸೀಲ್ದಾರ, ಪ್ರಾಂತ ಕಚೇರಿಗಳಲ್ಲಿ. ಪುಣೆಯಲ್ಲಿ ಸಿಗುವುದು ಪೇಶವೆ ದಫ್ತರ (ಪೇಶವೆಯರ ಕಾಲದ ಕಡತಗಳು) ಮತ್ತು ಇನಾಮು ಜಮೀನಿನ ಹಕ್ಕು ವಿಚಾರಿಸಿದ ಇನಾಮ್ ಕಮಿಶನ್ ಕಾಲದ್ದು. ಉತ್ತರ ಕನ್ನಡದವರಿಗೆ ಇನ್ನೊಂದು ತಿರುವು, 1862ರವರೆಗೆ ಅವರು ಮದ್ರಾಸ್ ಇಲಾಖೆಯಲ್ಲಿದ್ದರು. ಅದಕ್ಕೂ ಹಿಂದಿನದನ್ನು ಪುಣೆ, ಮುಂಬಯಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಚಿಂಚವಾಡ ಚಿಗಳಿ

ಇನಾಮ್ ಕಮಿಶನ್ ವಂಶಾವಳಿ ನಂಬಬಹುದಾ?

ಮೋಡಿ ಮಾಸ್ತರ (ಸದಾಶಿವ ಪೇಟೆ)

ಎಚ್ಚರಿಕೆಯಿಂದ. 1852ರ ಕಾಯ್ದೆಯ ಕೆಳಗೆ ಇನಾಮು ಉಳಿಸಿಕೊಳ್ಳಲು ಕೊಟ್ಟ ವಂಶಾವಳಿ ಅದು. ಮೂಲ ಸನದು ಪಡೆದವನಿಂದ ಅರ್ಜಿದಾರನವರೆಗೆ ಗೆರೆ ನೇರ ಬರಬೇಕು ಅನ್ನುವ ಆತುರ ಇರುತ್ತದೆ. ದತ್ತಕ ಬಂದವನನ್ನು ಹುಟ್ಟಿದ ಮಗನಂತೆ ಬರೆಯುವುದುಂಟು, ದತ್ತಕಕ್ಕೆ ಸರ್ಕಾರದ ಮಂಜೂರಿ ಪ್ರಶ್ನೆ ಬರುತ್ತಿತ್ತು. ಇನಾಮಿಗೆ ಸಂಬಂಧವಿಲ್ಲದ ಶಾಖೆ ಪೂರ್ತಿ ಬಿಟ್ಟಿರುತ್ತಾರೆ.

ಪರೀಕ್ಷೆಗೆ ಒಂದು ಸರಳ ಲೆಕ್ಕ. ಎರಡು ಗೊತ್ತಿರುವ ವರ್ಷಗಳ ನಡುವಿನ ಅಂತರವನ್ನು ತಲೆಮಾರುಗಳಿಂದ ಭಾಗಿಸಿ. 25ರಿಂದ 30 ಬಂದರೆ ಸರಿ. 15ರ ಹತ್ತಿರ ಬಂದರೆ ಯಾರೋ ಅಣ್ಣತಮ್ಮಂದಿರನ್ನು ತಂದೆಮಗ ಮಾಡಿದ್ದಾರೆ. ಅಣ್ಣನ ನಂತರ ತಮ್ಮ ವತನ ನಡೆಸಿದ್ದನ್ನು ಕೆಳಗೆ ಕೆಳಗೆ ಬರೆದಿರುತ್ತಾರೆ. 45, 50 ಬಂದರೆ ನಡುವೆ ತಲೆಮಾರುಗಳು ಬಿಟ್ಟು ಹೋಗಿವೆ. ರಾಮಣ್ಣ, ತಮ್ಮಣ್ಣ, ರಾಮಣ್ಣ, ತಮ್ಮಣ್ಣ ಅಂತ ಹೆಸರು ಮರುಕಳಿಸುವ ಮನೆಗಳಲ್ಲಿ ನಕಲು ಮಾಡುವವನ ಕಣ್ಣು ಒಂದು ರಾಮಣ್ಣನಿಂದ ಇನ್ನೊಂದು ರಾಮಣ್ಣನಿಗೆ ಜಿಗಿಯುವುದು ಬಹಳ ಸಾಮಾನ್ಯ.

ಇಸವಿ ತಪ್ಪಿದರೂ ಈ ಲೆಕ್ಕ ಕೆಡುತ್ತದೆ. ಹಳೇ ಕಾಗದದಲ್ಲಿ ಶಕದ ಜೊತೆ ಫಸಲಿ, ಸುಹೂರ್ ಅನ್ನುವ ವರ್ಷದ ಎಣಿಕೆಗಳೂ ಬರುತ್ತವೆ. ಇಸವಿಗೆ ತರಲು ಶಕಕ್ಕೆ 78, ಫಸಲಿಗೆ 590, ಸುಹೂರಿಗೆ 599 ಕೂಡಿಸಿ. ಜನವರಿಯಿಂದ ಆ ವರ್ಷ ಮುಗಿಯುವವರೆಗಿನ ತಿಂಗಳಾದರೆ ಇನ್ನೊಂದು. ಹಾಗಾಗಿ ಶಕ 1803, ಫಸಲಿ 1291, ಸುಹೂರ್ 1282 ಮೂರೂ 1881ರಿಂದ 82ರ ಆಸುಪಾಸು. ಈ ಸುಹೂರನ್ನು ಹಿಜರಿ ಅಂತ ಓದಿದರೆ ಸುಮಾರು ಹದಿನಾರು ವರ್ಷ ಹಿಂದಕ್ಕೆ ಹೋಗುತ್ತದೆ.

ಅಂಧೇರಿ ಅಳಿಯಕಟ್ಟು

ವಯಸ್ಸನ್ನೂ ನಂಬಬೇಡಿ ಅಂತ ಸೇರಿಸಿ ಮಾಸ್ತರ್ರೆ. 45, 30, 50, 20. ಎಂಟರಲ್ಲಿ ನಾಲ್ಕು ಐದು-ಹತ್ತರಲ್ಲಿ ಮುಗಿದಿವೆ.

ಮೋಡಿ ಮಾಸ್ತರ (ಸದಾಶಿವ ಪೇಟೆ)

ಹೌದು, ಅದು ಅಂದಾಜಿನ ಗುರುತು. 22, 18, 12, 3 ಹೇಳಿದವರು ಲೆಕ್ಕ ಇಟ್ಟು ಹೇಳಿದ್ದಾರೆ. ಉಳಿದವಕ್ಕೆ ಐದು ವರ್ಷ ಹಿಂದೆ ಮುಂದೆ ಬಿಡಿ, 50 ದಾಟಿದವರಿಗೆ ಹತ್ತು.

ಮಾಟುಂಗಾ ಮಾಮಿ

ಅಂದರೆ ಶಾಮಣ್ಣ 25ರಿಂದ 35. 25 ಆದರೆ 12ರ ಮಗ ಸಾಧ್ಯವಿಲ್ಲ, 35 ಆದರೆ ಧಾರಾಳ ಸಾಧ್ಯ. ಭೀಮಣ್ಣ ಇನ್ನೂ ಗಾಳಿಯಲ್ಲೇ.

ಹುಬ್ಬಳ್ಳಿ ಹೈದ, ಈಗ ಪಿಂಪರಿ

ಹೆಳವರನ್ನ ಯಾರೂ ನೆನಸಲಿಲ್ಲಲ್ಲ! ಸುಗ್ಗಿ ಮುಗದ ಮ್ಯಾಲೆ ಊರಿಗೆ ಬಂದು ಮನಿತನದ ಹೆಸರು ಹೇಳೂ ಹೆಳವರ ಕಡೆ ಹಸ್ತಪ್ರತಿ ಇರ್ತಾವ. ಯಾವ ಊರಿಂದ ಎದ್ದು ಯಾವ ಊರಿಗೆ ಬಂದ್ರು, ಎಷ್ಟು ಅಣ್ಣತಮ್ಮಂದಿರು, ಯಾರ ಸಂತಾನ ಎಲ್ಲಿಗೆ ನಿಂತ್ತು, ಎಲ್ಲಾ ಹೇಳ್ತಾರ. ಆದ್ರ ಅವರು ಹೆಚ್ಚಾಗಿ ಹೋಗೂದು ಒಕ್ಕಲುತನದ ಮನಿಗೆ. ಕುಲಕರ್ಣಿ ಮನಿತನ ಅವರ ಪುಸ್ತಕದಾಗ ಸಿಗೂದು ಕಷ್ಟ.

ಉತಾರ ರಾಯ

ಮತ್ತ ಹೆಳವರು ಹೇಳೂದು ಗಂಡಿನ ಸಾಲು. ಮಾಮಿಯವರ ಪ್ರಶ್ನೇಕ ಅಲ್ಲಿ ಉತ್ತರ ಇಲ್ಲ.

ಕೋಥ್ರೂಡ್ ಕಟ್ಟೆ (ಪುಣೆ)

ಎಲ್ಲರಿಗೂ ಧನ್ಯವಾದ. ಈಗ ಮರದಲ್ಲಿ ಹೀಗೆ ಹಾಕಿದ್ದೇನೆ: ತಮ್ಮಣ್ಣನಿಗೆ ಮೊದಲ ಹೆಂಡತಿ (ಹೆಸರಿಲ್ಲ), ಅವಳ ಕೆಳಗೆ ರಾಮಣ್ಣ. ಎರಡನೇ ಹೆಂಡತಿ, ಕೆಳಗೆ ಗೋವಿಂದ, ಚುಕ್ಕೆ ಗೆರೆ. ರಾಮಣ್ಣ ಹಿರಿಯನ ಕೆಳಗೆ ತಮ್ಮಣ್ಣ, ಶಾಮಣ್ಣ, ಮತ್ತೊಂದು ಖಾಲಿ ಪೆಟ್ಟಿಗೆ. ಭೀಮಣ್ಣನಿಂದ ಶಾಮಣ್ಣನಿಗೂ ಖಾಲಿ ಪೆಟ್ಟಿಗೆಗೂ ಎರಡು ಚುಕ್ಕೆ ಗೆರೆ. ಅಕ್ಕನಿಂದ ಎರಡನೇ ಹೆಂಡತಿಗೆ ಪ್ರಶ್ನಾರ್ಥಕ.

ಮೋಡಿ ಮಾಸ್ತರ (ಸದಾಶಿವ ಪೇಟೆ)

ಶಾಮಣ್ಣ ಒಡಹುಟ್ಟಿದ ತಮ್ಮ ಅಂತ ಗಟ್ಟಿ ಗೆರೆ ಹಾಕಿದ್ದೀರಾ? ‘ಭಾವು’ ಚುಲತ ಭಾವು ಕೂಡ ಆಗಬಹುದು, ದೊಡ್ಡಪ್ಪ-ಚಿಕ್ಕಪ್ಪನ ಮಗ. ಮೂಲದಲ್ಲಿ ‘ಶಾಮಣ್ಣ ಬಿ॥’ ಮುಂದೆ ಏನಿದೆ? ಆ ಬಿನ್ ಮುಂದೆ ರಾಮಣ್ಣ ಇದ್ದರೆ ಮಾತ್ರ ಗಟ್ಟಿ ಗೆರೆ.

ಕೋಥ್ರೂಡ್ ಕಟ್ಟೆ (ಪುಣೆ)

ಬಾಳಬೋಧದ ಪ್ರತಿಯಲ್ಲಿ ಬರೀ ‘ಭಾವು ಶಾಮಣ್ಣ’ ಇದೆ. ಮೂಲದಲ್ಲಿ ಶಾಮಣ್ಣ ಆದ ಮೇಲೆ ಎರಡು ಸಣ್ಣ ಉದ್ದ ಗೆರೆ ಇವೆ, ಅದು ಪೂರ್ಣವಿರಾಮ ಅಂತ ಲಿಪ್ಯಂತರ ಮಾಡಿದವರು ಬಿಟ್ಟಿದ್ದಾರೆ.

ಮೋಡಿ ಮಾಸ್ತರ (ಸದಾಶಿವ ಪೇಟೆ)

ಮೋಡಿಯಲ್ಲಿ ಆ ಜೋಡಿ ಗೆರೆ ಸಂಕ್ಷೇಪದ ಗುರುತು. ‘ಬಿ॥’ದಲ್ಲಿ ಇರುವುದೂ ಅದೇ. ಗೆರೆಯ ಮುಂಚೆ ಒಂದು ಅಕ್ಷರ ಶಾಮಣ್ಣಕ್ಕೆ ಅಂಟಿಕೊಂಡಿರಬೇಕು; ಮೋಡಿ ಪದಗಳನ್ನು ಬಿಡಿಸಿ ಬರೆಯುವುದಿಲ್ಲ. ಆ ಸಾಲನ್ನು, ಕೆಳಗಿನ ಭೀಮಣ್ಣನ ಸಾಲನ್ನು ಸೇರಿಸಿ 600 ಡಿಪಿಐಯಲ್ಲಿ ಬಣ್ಣದ ಸ್ಕ್ಯಾನ್ ತೆಗೆದು ಹಾಕಿ. ಕಪ್ಪುಬಿಳುಪು ಬೇಡ, ಮಾಸಿದ ಶಾಯಿ ಹಾರಿಹೋಗುತ್ತದೆ.

ಉತಾರ ರಾಯ

ಭೀಮಣ್ಣನ ಮುಂದೂ ಜೋಡಿ ಗೆರಿ ಐತೇನು ನೋಡ್ರಿ ಮೊದಲ.